ಆಸ್ಪತ್ರೆಯಲ್ಲಿ ಬದಲಾದ ಮಾತ್ರೆ ಫ್ಯಾಮಿಲಿ ಡಾಕ್ಟರಿಗೆ ಗೊತ್ತಾಗುವುದು ಯಾವಾಗ?

ಕಾಗದದ ದೋಣಿ

ಅಪ್ಪನಿಗೆ 74. ಹೃದಯದ ಬಡಿತ ತಾಳ ತಪ್ಪುವ ತೊಂದರೆ ಇದೆ. ಅದಕ್ಕೆ ಆರು ವರ್ಷದಿಂದ ರಕ್ತ ತೆಳು ಮಾಡುವ ಮಾತ್ರೆ, ವಾರ್ಫರಿನ್. ನೋಡಿಕೊಳ್ಳುವವರು ನಮ್ಮ ಫ್ಯಾಮಿಲಿ ಡಾಕ್ಟರು. ಹೋದ ತಿಂಗಳು ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬರುವಾಗ ಒಂದು ಚೀಲ ಮಾತ್ರೆ, ಏಳು ಪುಟದ ಡಿಸ್ಚಾರ್ಜ್ ಸಮ್ಮರಿ.

ಅಮ್ಮ ತುಂಬಾ ಅಚ್ಚುಕಟ್ಟು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಬೇರೆ ಬೇರೆ ಮನೆ ಇರುವ ಡಬ್ಬಿಗೆ ಹೊಸ ಮಾತ್ರೆ ಹಾಕಿದರು. ಹಳೆಯದನ್ನೂ ಬಿಡಲಿಲ್ಲ. ಐದನೇ ದಿನ ಹಲ್ಲುಜ್ಜುವಾಗ ಅಪ್ಪನ ವಸಡಿನಿಂದ ರಕ್ತ. ಮುಂಗೈ ಮೇಲೆ ಅಂಗೈ ಅಗಲ ನೀಲಿ ಕಲೆ. ಎಲ್ಲಿ ತಗುಲಿತು ಅಂತ ಅವರಿಗೇ ನೆನಪಿಲ್ಲ. ಫ್ಯಾಮಿಲಿ ಡಾಕ್ಟರ ಹತ್ತಿರ ಓಡಿದೆವು. ಅವರು ಚೀಲವನ್ನು ಮೇಜಿನ ಮೇಲೆ ಸುರಿದರು. ಎರಡು ಶೀಟು ಎತ್ತಿಕೊಂಡು ಹಿಂದುಗಡೆ ತಿರುಗಿಸಿದರು. ದೊಡ್ಡ ಹೆಸರಿನ ಕೆಳಗೆ ಇರುವೆ ಸಾಲಿನಂಥ ಅಕ್ಷರ ಇರುತ್ತದಲ್ಲ, ಅಲ್ಲಿ ಉಗುರು ಇಟ್ಟು ತೋರಿಸಿದರು. ಎರಡರಲ್ಲೂ ವಾರ್ಫರಿನ್. ಕಂಪನಿ ಬೇರೆ, ಹೆಸರು ಬೇರೆ, ಶೀಟಿನ ಬಣ್ಣ ಬೇರೆ. ಒಳಗಿರುವುದು ಒಂದೇ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಟೆಸ್ಟು 2ರಿಂದ 3ರ ನಡುವೆ ಇರಬೇಕಾದದ್ದು 6.8 ಬಂತು.

ಮಾತ್ರೆ ನಿಲ್ಲಿಸಿ ವಿಟಮಿನ್ ಕೆ ಕೊಟ್ಟರು. ಈಗ ಪರವಾಗಿಲ್ಲ. ಆಮೇಲೆ ಸಮ್ಮರಿ ತೆಗೆದು ಕೂತು ಓದಿದೆ. ಐದನೇ ಪುಟದಲ್ಲಿ ಹೊಸ ಹೆಸರಿನ ಮಾತ್ರೆ. ಆರನೇ ಪುಟದಲ್ಲಿ ‘ಹಿಂದಿನ ಔಷಧಗಳನ್ನು ಮುಂದುವರಿಸಿ’. ಅಮ್ಮ ಬರೆದದ್ದನ್ನು ಬರೆದ ಹಾಗೇ ಪಾಲಿಸಿದ್ದಾರೆ, ಅಷ್ಟೆ. ಈಗ ತಪ್ಪೆಲ್ಲ ತನ್ನದೇ ಅಂತ ಕೊರಗುತ್ತಾರೆ.

ಫ್ಯಾಮಿಲಿ ಡಾಕ್ಟರ ಕಂಪ್ಯೂಟರಿನಲ್ಲಿ ಆರು ವರ್ಷದ ಲೆಕ್ಕ ಇದೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂಬತ್ತು ದಿನದ್ದು. ಇವೆರಡೂ ಮಾತು ಬಿಟ್ಟ ನೆಂಟರ ಹಾಗೆ ಯಾಕಿವೆ? ನಡುವೆ ಅಂಚೆಯವನ ಕೆಲಸ ನಾವೇ ಮಾಡಬೇಕಾ?

ಸಂಜೆ ಬಿಸಿಲು

ನಮ್ಮ ಮನೆ ಕಥೆಯನ್ನೇ ಬರೆದಿದ್ದೀರಿ. ನಮ್ಮದು ಥೈರಾಯ್ಡ್ ಮಾತ್ರೆ, ಅಷ್ಟೇ ವ್ಯತ್ಯಾಸ. ಅಮ್ಮನಿಗೆ ಹೇಳಿ, ತಪ್ಪು ಅವರದ್ದಲ್ಲ.

ಸ್ಟೆತೊ

ಇಪ್ಪತ್ತು ವರ್ಷದಿಂದ ಫ್ಯಾಮಿಲಿ ಡಾಕ್ಟರ್ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆಯ ಕಥೆ ಕೇಳಿ.

ನನ್ನ ರೋಗಿ ಆಸ್ಪತ್ರೆ ಸೇರಿದ್ದು ನನಗೆ ಗೊತ್ತಾಗುವುದು ಅವರು ವಾಪಸ್ ಬಂದು ಎದುರು ಕುರ್ಚಿಯಲ್ಲಿ ಕೂತಾಗ. ಕೆಲವರು ಸಮ್ಮರಿ ತರುತ್ತಾರೆ. ಕೆಲವರು ‘ಮನೆಯಲ್ಲೇ ಇದೆ ಡಾಕ್ಟ್ರೇ’ ಅನ್ನುತ್ತಾರೆ. ಅದನ್ನು ಬರೆಯುವುದು ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಕಿರಿಯ ಡಾಕ್ಟರು. ಬೆಡ್ ಖಾಲಿ ಆಗಬೇಕು, ಹೊರಗೆ ಮುಂದಿನ ರೋಗಿ ಕಾಯುತ್ತಿದ್ದಾನೆ ಅನ್ನುವ ಗಡಿಬಿಡಿಯಲ್ಲಿ. ಹಾಗಾಗಿ ಲ್ಯಾಬ್ ರಿಪೋರ್ಟೆಲ್ಲ ಎತ್ತಿ ಅಂಟಿಸಿರುತ್ತಾರೆ.

ನನಗೆ ಬೇಕಾದದ್ದು ಅರ್ಧ ಪುಟ. ಯಾವ ಮಾತ್ರೆ ಹೊಸದು, ಯಾವುದು ನಿಂತಿತು, ಯಾಕೆ ನಿಂತಿತು. ಇನ್ನೂ ಯಾವ ರಿಪೋರ್ಟ್ ಬರಬೇಕು, ಅದನ್ನು ಯಾರು ನೋಡುತ್ತಾರೆ. ಈ ಕೊನೆಯದ್ದು ಯಾವತ್ತೂ ಇರುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಬರುವ ರಿಪೋರ್ಟ್ ಅನಾಥ ಮಗು ಇದ್ದ ಹಾಗೆ.

ದೋಣಿ ಅವರೇ, ಒಂದು ಪ್ರಶ್ನೆ. ನ್ಯುಮೋನಿಯಾಕ್ಕೆ ಯಾವ ಆಂಟಿಬಯೋಟಿಕ್ ಕೊಟ್ಟಿದ್ದರು? ಮನೆಗೂ ಕೊಟ್ಟು ಕಳಿಸಿದ್ದರಾ?

ಕಾಗದದ ದೋಣಿ

@ಸ್ಟೆತೊ ಈಗ ನೋಡಿದೆ ಸರ್. ಕ್ಲಾರಿಥ್ರೋಮೈಸಿನ್. ಮನೆಯಲ್ಲಿ ಇನ್ನೂ ಐದು ದಿನ ಅಂತ ಇತ್ತು.

ಸ್ಟೆತೊ

ಹಾಗಾದರೆ ಬರೀ ಡಬಲ್ ಡೋಸ್ ಅಲ್ಲ. ಆ ಆಂಟಿಬಯೋಟಿಕ್ಕೇ ವಾರ್ಫರಿನ್‌ನ ಪರಿಣಾಮ ಜಾಸ್ತಿ ಮಾಡುತ್ತದೆ. ಎರಡೂ ಜೊತೆಗಿದ್ದರೆ ಐಎನ್‌ಆರ್ ಬೇಗ ಬೇಗ ನೋಡಬೇಕು. ಡಿಸ್ಚಾರ್ಜ್ ದಿನವೇ ನಿಮ್ಮ ಡಾಕ್ಟರಿಗೆ ಒಂದು ಸಾಲು ಹೋಗಿದ್ದರೆ ಮೂರನೇ ದಿನಕ್ಕೆ ಕರೆಸಿ ರಕ್ತ ತೆಗೆಯುತ್ತಿದ್ದರು. ಅಂಗೈ ಅಗಲ ಕಲೆ ಬರುವವರೆಗೆ ಕಾಯಬೇಕಾಗಿರಲಿಲ್ಲ.

ಎಂಟಾಣೆ

ಸಿಂಪಲ್. ಎಲ್ಲಾ ಮಾತ್ರೆಯ ಫೋಟೊ ತೆಗೆದು ವಾಟ್ಸಾಪಲ್ಲಿ ಡಾಕ್ಟರಿಗೆ ಕಳಿಸಿ. ಇದಕ್ಕೆ ಇಷ್ಟು ದೊಡ್ಡ ಚರ್ಚೆ ಯಾಕೆ?

ಸ್ಟೆತೊ

@ಎಂಟಾಣೆ ದಿನಕ್ಕೆ ಅಂಥ ನಲವತ್ತು ಫೋಟೊ ಬರುತ್ತವೆ. ಅರ್ಧಕ್ಕೆ ಹೆಸರೇ ಇರುವುದಿಲ್ಲ. ನಿನ್ನೆ ಒಂದು ಬಂತು, ಮಾತ್ರೆಗಿಂತ ಹಾಸಿಗೆಯ ಹೊದಿಕೆಯೇ ಸ್ಪಷ್ಟವಾಗಿತ್ತು.

ಸೊನ್ನೆ ಒಂದು

ಆಸ್ಪತ್ರೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ‘ಟೆಕ್ನಾಲಜಿ ಇಲ್ಲ’ ಅನ್ನುವವರನ್ನು ನಂಬಬೇಡಿ. ಹೆಚ್‌ಎಲ್7 ಅನ್ನುವ ಮಾನದಂಡ ಶುರುವಾಗಿದ್ದೇ 1987ರಲ್ಲಿ. ಅದರ ಈಗಿನ ರೂಪ ಫೈರ್. ಬೇರೆ ಬೇರೆ ಕಂಪನಿಯ ಸಾಫ್ಟ್‌ವೇರ್‌ಗಳು ರೋಗಿ, ಮಾತ್ರೆ, ಅಲರ್ಜಿ, ಟೆಸ್ಟು ಎಲ್ಲವನ್ನೂ ಒಂದೇ ಆಕಾರದಲ್ಲಿ ಕೊಟ್ಟು ತೆಗೆದುಕೊಳ್ಳಲು ಅಂತಲೇ ಮಾಡಿದ್ದು. ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಅನ್ನುವ ಮಾನದಂಡ ಇದೆ. ಯಾವ ಕಂಪನಿಯ ಯಂತ್ರದಲ್ಲಿ ತೆಗೆದ ಸ್ಕ್ಯಾನ್ ಆದರೂ ಇನ್ನೊಂದು ಕಡೆ ತೆರೆಯುತ್ತದೆ, ಅಲ್ವಾ? ಎಲ್ಲರೂ ಒಪ್ಪಿಕೊಂಡಿದ್ದಕ್ಕೆ ಅದು ಸಾಧ್ಯವಾಯಿತು.

ತಲೆನೋವು ಅರ್ಥದ್ದು. ಒಂದು ಲ್ಯಾಬ್ ಮೂರು ತಿಂಗಳ ಸಕ್ಕರೆ ಸರಾಸರಿಯನ್ನು ಶೇಕಡಾ 7 ಅನ್ನುತ್ತದೆ. ಇನ್ನೊಂದು ಕಡೆ ಅದನ್ನೇ 53 ಅಂತ ಬರೆಯುತ್ತಾರೆ. ಎರಡೂ ಸರಿ, ಅಳತೆ ಬೇರೆ. ರಕ್ತದ ಸಕ್ಕರೆಯೂ ಹಾಗೇ. ಒಂದು ಕಡೆ 180, ಇನ್ನೊಂದು ಕಡೆ 10, ಎರಡೂ ಒಂದೇ. ಸುಮ್ನೆ ಅಂಕಿ ಸಾಗಿಸಿ ಅಳತೆ ಸಾಗಿಸದಿದ್ದರೆ ಕಥೆ ಮುಗಿಯಿತು. ಮಾತ್ರೆಯೂ ಅಷ್ಟೆ. ಕಂಪನಿ ಹೆಸರು ಕಳಿಸಿದರೆ ಇವರಪ್ಪನಿಗೆ ಆದದ್ದೇ ಕಂಪ್ಯೂಟರಿಗೂ ಆಗುತ್ತದೆ. ಒಳಗಿನ ಔಷಧದ ಕೋಡ್ ಕಳಿಸಿದರೆ ‘ಇದು ಆಗಲೇ ಇದೆ’ ಅಂತ ಅದೇ ಕೂಗುತ್ತದೆ.

ಎಂಟಾಣೆ

ಆಸ್ಪತ್ರೆಯಲ್ಲಿ ಫೈರ್ ಅಂದರೆ ನಾನು ಮೊದಲು ಮೆಟ್ಟಿಲು ಹುಡುಕುತ್ತೇನೆ.

ಸೊನ್ನೆ ಒಂದು

@ಎಂಟಾಣೆ ಹದಿನೈದನೇ ಸಲ ಕೇಳುತ್ತಿದ್ದೇನೆ ಈ ಜೋಕು 🙂

ಬೀಗದ ಕೈ

ಎಲ್ಲರೂ ಹಂಚೋಣ ಹಂಚೋಣ ಅಂತ ಖುಷಿಯಲ್ಲಿದ್ದೀರಿ. ಸ್ವಲ್ಪ ತಡೆಯಿರಿ. 2018ರಲ್ಲಿ ಸಿಂಗಪುರದ ಸಿಂಗ್‌ಹೆಲ್ತ್ ಅನ್ನುವ ಆಸ್ಪತ್ರೆಗಳ ಸಮೂಹದಿಂದ 15 ಲಕ್ಷ ರೋಗಿಗಳ ಮಾಹಿತಿ ಕದ್ದರು. ಆ ದೇಶದ ಪ್ರಧಾನಿಯದ್ದೂ ಅದರಲ್ಲಿತ್ತು. ಫಿನ್‌ಲ್ಯಾಂಡಿನ ವಸ್ತಾಮೊ ಅನ್ನುವ ಮಾನಸಿಕ ಚಿಕಿತ್ಸಾ ಸಂಸ್ಥೆಯ ಪ್ರಕರಣ ಇನ್ನೂ ಕೆಟ್ಟದ್ದು. ಮಾನಸಿಕ ಚಿಕಿತ್ಸೆಯಲ್ಲಿ ಜನ ಹೇಳಿಕೊಂಡದ್ದನ್ನೇ ಕದ್ದು, 2020ರಲ್ಲಿ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಇಮೇಲ್ ಹಾಕಿ ‘ದುಡ್ಡು ಕೊಡು, ಇಲ್ಲದಿದ್ದರೆ ಬಯಲು ಮಾಡುತ್ತೇನೆ’ ಅಂದ ಕಳ್ಳ. ಕಾರ್ಡ್ ನಂಬರ್ ಕದ್ದರೆ ಹೊಸ ಕಾರ್ಡ್ ತೆಗೆದುಕೊಳ್ಳಬಹುದು. ಹೊಸ ಗತಕಾಲ ಎಲ್ಲಿ ಸಿಗುತ್ತದೆ?

ನನ್ನ ಹಲ್ಲಿನ ಡಾಕ್ಟರಿಗೆ ನಾನು ಹತ್ತು ವರ್ಷದ ಹಿಂದೆ ಖಿನ್ನತೆಗೆ ಮಾತ್ರೆ ತೆಗೆದುಕೊಂಡದ್ದು ಯಾಕೆ ಕಾಣಬೇಕು?

ಸಂಜೆ ಬಿಸಿಲು

@ಬೀಗದ ಕೈ ಇವರಪ್ಪನಿಗೆ ವಸಡಿನ ಬದಲು ಮಿದುಳಿನಲ್ಲಿ ರಕ್ತ ಒಸರಿದ್ದರೆ? ಜೀವ ಉಳಿದರೆ ತಾನೇ ಗುಟ್ಟು. ಯಾವುದೋ ದೇಶದ ಕಳ್ಳನ ಹೆಸರು ಹೇಳಿ ಹೆದರಿಸಬೇಡಿ.

ಬೀಗದ ಕೈ

@ಸಂಜೆ ಬಿಸಿಲು ಕಳ್ಳನ ವಿಷಯ ಬಿಡಿ ಹಾಗಾದರೆ. ಪರಿಚಯದವರ ವಿಷಯ ಹೇಳುತ್ತೇನೆ. ನಮ್ಮ ಫ್ಯಾಮಿಲಿ ಡಾಕ್ಟರು ನನ್ನ ಅತ್ತೆಗೂ ಡಾಕ್ಟರು, ಓರಗಿತ್ತಿಗೂ ಡಾಕ್ಟರು. ನನಗೆ ಮದುವೆಗೆ ಮುಂಚೆ ಒಂದು ಆಪರೇಷನ್ ಆಗಿತ್ತು. ಅದು ಅವರ ಬಾಯಿಂದ ಇವತ್ತಿನವರೆಗೆ ಹೊರಗೆ ಬಂದಿಲ್ಲ. ಯಾಕೆಂದರೆ ಗೊತ್ತಿರುವುದು ಅವರೊಬ್ಬರಿಗೇ. ನಾಳೆ ಅದು ಆಸ್ಪತ್ರೆಯ ಪರದೆ ಮೇಲೂ ಬರುತ್ತದೆ ಅಂದುಕೊಳ್ಳಿ. ಅದೇ ಆಸ್ಪತ್ರೆಯ ರಿಜಿಸ್ಟ್ರೇಷನ್ ಕೌಂಟರಿನಲ್ಲಿ ನನ್ನ ನಾದಿನಿ ಕೆಲಸ ಮಾಡುತ್ತಾಳೆ. ಕುತೂಹಲಕ್ಕೆ ಒಂದು ಸಲ ಹೆಸರು ಟೈಪ್ ಮಾಡಿದರೆ ಸಾಕು.

ಇದು ಜೀವದ ಪ್ರಶ್ನೆ ಅಲ್ಲ ಅಂತೀರಾ? ನನಗೆ ಇದೂ ಜೀವನದ ಪ್ರಶ್ನೆಯೇ.

ಸಂಜೆ ಬಿಸಿಲು

ಸರಿ, ಆ ಮಾತು ಒಪ್ಪಿದೆ. ನಾದಿನಿ ವಿಷಯ ನನಗೆ ಹೊಳೆದಿರಲಿಲ್ಲ.

ವಲಸೆ ಹಕ್ಕಿ

ಇದಕ್ಕೆ ಎಸ್ಟೋನಿಯಾದಲ್ಲಿ ಒಳ್ಳೆ ಉಪಾಯ ಮಾಡಿದ್ದಾರೆ. 2008ರಿಂದ ಅಲ್ಲಿ ಇಡೀ ದೇಶಕ್ಕೆ ಒಂದೇ ಆರೋಗ್ಯ ಮಾಹಿತಿ ವ್ಯವಸ್ಥೆ ಇದೆ. ಫ್ಯಾಮಿಲಿ ಡಾಕ್ಟರು, ಆಸ್ಪತ್ರೆ ಎಲ್ಲ ಅದಕ್ಕೆ ಜೋಡಣೆ. ನಿಮ್ಮ ದಾಖಲೆಯನ್ನು ಯಾರು, ಯಾವಾಗ ತೆರೆದು ನೋಡಿದರು ಅನ್ನುವುದನ್ನು ನೀವೇ ಲಾಗಿನ್ ಆಗಿ ನೋಡಬಹುದು. ಬೇಡ ಅನ್ನಿಸಿದ ಭಾಗವನ್ನು ಮುಚ್ಚಿಡಬಹುದು. ನಾದಿನಿ ಟೈಪ್ ಮಾಡಿದರೆ ನಾದಿನಿ ಹೆಸರು ಬೀಳುತ್ತದೆ. ಗೊತ್ತಾಗುತ್ತದೆ ಅನ್ನುವ ಹೆದರಿಕೆಗೇ ಅರ್ಧ ಕುತೂಹಲ ಸಾಯುತ್ತದೆ.

ಡೆನ್ಮಾರ್ಕಿನವರು ಇನ್ನೂ ಮುಂಚೆ, 1994ರಲ್ಲೇ ಮೆಡ್‌ಕಾಮ್ ಅಂತ ಒಂದು ಸಂಸ್ಥೆ ಮಾಡಿಕೊಂಡರು. ಅವರು ಮೊದಲ ದಿನವೇ ‘ಎಲ್ಲಾ ದಾಖಲೆ ಒಂದೇ ಕಡೆ’ ಅಂತ ಹಾರಲಿಲ್ಲ. ಡಿಸ್ಚಾರ್ಜ್ ಪತ್ರ, ಲ್ಯಾಬ್ ರಿಪೋರ್ಟ್, ಮಾತ್ರೆ ಚೀಟಿ, ರೆಫರಲ್ ಇಂಥ ದಿನನಿತ್ಯದ ಸಂದೇಶಗಳಿಗೆ ಒಂದೊಂದು ಅಚ್ಚು ಮಾಡಿದರು. ಆಸ್ಪತ್ರೆಯಿಂದ ಹೊರಟದ್ದು ನೇರ ಫ್ಯಾಮಿಲಿ ಡಾಕ್ಟರ ಕಂಪ್ಯೂಟರಿಗೆ. ದೋಣಿ ಅವರ ಮನೆಗೆ ಬೇಕಾಗಿದ್ದದ್ದು ಇಷ್ಟೇ ಅನ್ನಿಸುತ್ತದೆ ನನಗೆ.

ಕೆಟ್ಟ ಉದಾಹರಣೆ ಬೇಕಾದರೆ ಇಂಗ್ಲೆಂಡ್. ಕೇರ್.ಡೇಟಾ ಅಂತ 2013ರಲ್ಲಿ ಹೊರಟರು. ಫ್ಯಾಮಿಲಿ ಡಾಕ್ಟರುಗಳ ದಾಖಲೆಯನ್ನೆಲ್ಲ ಎಳೆದು ಆಸ್ಪತ್ರೆ ದಾಖಲೆಗೆ ಜೋಡಿಸಿ ಸಂಶೋಧನೆಗೆ, ಯೋಜನೆಗೆ ಬಳಸುವುದು ಅಂತ. ಮನೆಮನೆಗೆ ಕರಪತ್ರ ಹಾಕಿ ಮುಗಿಸಿದೆವು ಅಂದುಕೊಂಡರು. ವಿಮಾ ಕಂಪನಿಗಳಿಗೂ ಹೋಗುತ್ತದಾ ಅಂತ ಜನ ಕೇಳಿದರು, ಡಾಕ್ಟರುಗಳೂ ಮುನಿಸಿಕೊಂಡರು. 2014ರಲ್ಲಿ ತಡೆದರು, 2016ರಲ್ಲಿ ಮುಚ್ಚಿದರು. ನನ್ನ ಚಿಕಿತ್ಸೆಗೆ ನನ್ನ ಡಾಕ್ಟರಿಗೆ ಕೊಡುವುದು ಬೇರೆ. ಗುರುತಿಲ್ಲದ ಯಾರಿಗೋ ಏನಕ್ಕೋ ಕೊಡುವುದು ಬೇರೆ. ಎರಡನ್ನೂ ಒಂದೇ ಲಕೋಟೆಗೆ ಹಾಕಿದರೆ ಜನ ಲಕೋಟೆಯನ್ನೇ ಹರಿಯುತ್ತಾರೆ.

ಎಂಟಾಣೆ

ಭಾರತದಲ್ಲಿ ಆಭಾ ಅನ್ನುವ ಆರೋಗ್ಯ ಗುರುತಿನ ಸಂಖ್ಯೆ ಇದೆಯಲ್ಲ? 14 ಅಂಕಿಯದು. ನನ್ನ ಹತ್ತಿರ ಇದೆ. ಒಳಗೆ ಏನಿದೆ ಅಂತ ಮಾತ್ರ ಕೇಳಬೇಡಿ.

ಸೊನ್ನೆ ಒಂದು

@ಎಂಟಾಣೆ ಅದು ತಿಜೋರಿ ಅಲ್ಲ, ವಿಳಾಸ. 2021ರ ಸೆಪ್ಟೆಂಬರಿನಲ್ಲಿ ಶುರುವಾದ ಡಿಜಿಟಲ್ ಹೆಲ್ತ್ ಮಿಷನ್ನಿನ ಲೆಕ್ಕದಲ್ಲಿ ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ನೀವು ಒಪ್ಪಿಗೆ ಕೊಟ್ಟಾಗ ಮಾತ್ರ ಇನ್ನೊಬ್ಬರಿಗೆ ಹೋಗುತ್ತದೆ. ಆದರೆ ಆ ಕಡೆಯವರೂ ಈ ಕಡೆಯವರೂ ಜೋಡಿಸಿಕೊಂಡಿರಬೇಕು. ವಿಳಾಸ ಇದ್ದ ಮಾತ್ರಕ್ಕೆ ಕಾಗದ ಬರುವುದಿಲ್ಲ, ಯಾರಾದರೂ ಬರೆಯಬೇಕು.

ರಾತ್ರಿ ಪಾಳಿ

ನಾನು ಎಮರ್ಜೆನ್ಸಿಯಲ್ಲಿ ನರ್ಸ್. ಒಪ್ಪಿಗೆ ಒಪ್ಪಿಗೆ ಅಂತೀರಲ್ಲ, ಒಂದು ರಾತ್ರಿ ಹೇಳುತ್ತೇನೆ.

ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬರನ್ನು ಕರೆತಂದರು. ಪ್ರಜ್ಞೆ ಇಲ್ಲ. ನಮಗೆ ಬೇಕಾದ ಮೊದಲ ಉತ್ತರ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರಾ ಅಂತ. ಅದರ ಮೇಲೆ ಎಲ್ಲ ನಿಂತಿದೆ. ಹೆಂಡತಿ ಪಾಪ ನಡುಗುತ್ತಿದ್ದರು. ‘ಸಕ್ಕರೆಗೆ ಒಂದು, ಬಿಪಿಗೆ ಒಂದು, ಇನ್ನೊಂದು ಬಿಳಿದು, ಚಿಕ್ಕದು, ಅರ್ಧ ಮುರಿದು ಕೊಡ್ತೀನಿ’ ಅಂದರು. ಬಿಳಿದು, ಚಿಕ್ಕದು ಅಂದರೆ ಪ್ರಪಂಚದ ಅರ್ಧ ಮಾತ್ರೆ. ರೋಗಿಯ ಫೋನ್ ಲಾಕ್. ಬೆರಳು ಇಟ್ಟರೂ ತೆರೆಯಲಿಲ್ಲ, ಬೆರಳ ತುಂಬಾ ರಕ್ತ. ಫ್ಯಾಮಿಲಿ ಡಾಕ್ಟರ ನಂಬರೂ ಆ ಫೋನಿನಲ್ಲೇ. ರಾತ್ರಿ ಎರಡೂವರೆ. ಮಗ ಮನೆಗೆ ಹೋಗಿ ಡಬ್ಬಿ ತರುವಷ್ಟರಲ್ಲಿ 50 ನಿಮಿಷ.

ಅಂಥ ಹೊತ್ತಿನಲ್ಲಿ ಒಟಿಪಿ ಯಾರು ಹೇಳುತ್ತಾರೆ?

ಬೀಗದ ಕೈ

@ರಾತ್ರಿ ಪಾಳಿ ಅಂಥ ಹೊತ್ತಿಗೆ ನನ್ನದೇನೂ ತಕರಾರಿಲ್ಲ. ಬೆಂಕಿ ಬಿದ್ದಾಗ ಗಾಜು ಒಡೆದು ಕೀಲಿ ತೆಗೆಯುತ್ತಾರಲ್ಲ, ಹಾಗೆ ತೆಗೆಯಲಿ. ಆದರೆ ಒಡೆದವರ ಹೆಸರು, ಗಂಟೆ, ಕಾರಣ ಬರೆದಿರಬೇಕು. ಆಮೇಲೆ ನನಗೆ ಸುದ್ದಿ ಬರಬೇಕು.

ಸೊನ್ನೆ ಒಂದು

ಸಾಫ್ಟ್‌ವೇರಿನಲ್ಲೂ ಅದನ್ನು ‘ಗಾಜು ಒಡೆಯುವುದು’ ಅಂತಲೇ ಕರೆಯುತ್ತೇವೆ. ಇರುವ ಸೌಲಭ್ಯವೇ ಅದು. ತೊಂದರೆ ಏನೆಂದರೆ ಕೆಲವು ಕಡೆ ದಿನಾ ಒಡೆಯುತ್ತಾರೆ, ಯಾರು ಒಡೆದರು ಅನ್ನುವ ಲಾಗ್ ನೋಡುವವರಿಲ್ಲ.

ಕಪಾಟು

ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ನಾನು. ಈ ಚರ್ಚೆಯಲ್ಲಿ ನಮ್ಮನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ, ನೋಡಿ. ಫ್ಯಾಮಿಲಿ ಡಾಕ್ಟರ ಚೀಟಿಯೂ ಆಸ್ಪತ್ರೆಯ ಚೀಟಿಯೂ ಒಂದೇ ಕೌಂಟರಿಗೆ ಬರುವುದು ನಮ್ಮಲ್ಲೇ. ‘ಇದು ಅದೇ ಮಾತ್ರೆ’ ಅಂತ ಹಿಡಿಯುವ ಕೊನೆಯ ಕಣ್ಣು ನಮ್ಮದು. ಆದರೆ ಒಂದು ಚೀಟಿ ಆಸ್ಪತ್ರೆ ಒಳಗಿನ ಅಂಗಡಿಯಲ್ಲಿ, ಇನ್ನೊಂದು ನಮ್ಮಲ್ಲಿ ಅಂತಾದರೆ ನಾವೂ ಕುರುಡರೇ.

ಇನ್ನೊಂದು. ಹಂಚುವ ಮುಂಚೆ ಸರಿ ಇದೆಯಾ ನೋಡಿ. ಪೆನಿಸಿಲಿನ್ ಅಲರ್ಜಿ ಅಂತ ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಬರೆದಿರುತ್ತದೆ. ಸರಿಯಾಗಿ ಪರೀಕ್ಷೆ ಮಾಡಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅಲರ್ಜಿ ಇರುವುದೇ ಇಲ್ಲ. ಚಿಕ್ಕಂದಿನಲ್ಲಿ ಜ್ವರದ ಜೊತೆ ಮೈಮೇಲೆ ಗಂಧೆ ಎದ್ದಿರುತ್ತದೆ, ಯಾರೋ ಬರೆದುಬಿಟ್ಟಿರುತ್ತಾರೆ. ಇವತ್ತು ಆ ತಪ್ಪು ಒಂದು ಫೈಲಿನಲ್ಲಿದೆ. ನಾಳೆ ಎಲ್ಲಾ ಆಸ್ಪತ್ರೆಯಲ್ಲೂ ಇರುತ್ತದೆ. ಒಳ್ಳೆ ಔಷಧಿ ಬಿಟ್ಟು ಬೇರೆ ಯಾವುದೋ ಕೊಡುತ್ತಾರೆ. ಅಳಿಸುವ ಹಕ್ಕು ಯಾರದ್ದು?

ನಡುಮನೆ

ಡಾಕ್ಟರುಗಳ ಅಕ್ಷರದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? ನಮ್ಮ ಡಾಕ್ಟರು ಬರೆದದ್ದು ನೋಡಿದರೆ ಇಸಿಜಿಯೋ ಚೀಟಿಯೋ ಗೊತ್ತಾಗುವುದಿಲ್ಲ.

ಕಪಾಟು

@ನಡುಮನೆ ನಮಗೆ ಓದಲು ಬರುತ್ತದೆ. ಬರದಿದ್ದರೆ ಫೋನ್ ಮಾಡುತ್ತೇವೆ. ಊಹೆ ಮಾಡುವುದಿಲ್ಲ.

ಸ್ಟೆತೊ

ನನ್ನ ಅಕ್ಷರ ಚೆನ್ನಾಗಿದೆ. ದಾಖಲೆಗೆ ಇರಲಿ ಅಂತ ಹೇಳಿದೆ.

ಮೂಲೆಯ ಮಾತು

ಯಾರೂ ಹೇಳದ ಕಾರಣ ನಾನು ಹೇಳುತ್ತೇನೆ. ದಾಖಲೆ ಕೈಯಲ್ಲಿದ್ದರೆ ರೋಗಿ ಕೈಯಲ್ಲಿರುತ್ತಾನೆ. ಹಳೆ ಸ್ಕ್ಯಾನು, ಹಳೆ ರಿಪೋರ್ಟು ಸುಲಭಕ್ಕೆ ಸಿಕ್ಕರೆ ಅವನು ಬೇರೆ ಆಸ್ಪತ್ರೆಗೂ ಹೋಗಬಹುದು, ಟೆಸ್ಟು ಮತ್ತೆ ಮಾಡಿಸಬೇಕಾಗಿಲ್ಲ. ಕೆಲವರಿಗೆ ಅದು ಬೇಡ. ಸಾಫ್ಟ್‌ವೇರ್ ಕಂಪನಿಗಳೂ ಅಷ್ಟೆ, ಮಾಹಿತಿ ಒಳಗೆ ಹೋಗಲು ಹೆಬ್ಬಾಗಿಲು, ಹೊರಗೆ ಬರಲು ಕಿಂಡಿ. ಅಮೆರಿಕದಲ್ಲಿ 2016ರ ಒಂದು ಕಾಯ್ದೆಯಲ್ಲಿ ಹೀಗೆ ಮಾಹಿತಿ ತಡೆಹಿಡಿಯುವುದನ್ನೇ ತಪ್ಪು ಅಂತ ಬರೆಯಬೇಕಾಯಿತು. ಯಾರೂ ತಡೆಯುತ್ತಿರಲಿಲ್ಲ ಅಂದರೆ ಕಾಯ್ದೆ ಯಾಕೆ ಬೇಕಿತ್ತು?

ಸ್ಟೆತೊ

@ಮೂಲೆಯ ಮಾತು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮಲ್ಲಿ ಹಿಂಜರಿಕೆಗೆ ಬೇರೆ ಕಾರಣವೂ ಇದೆ. ಆಸ್ಪತ್ರೆಯ ಇಡೀ ದಾಖಲೆ ನನ್ನ ಪರದೆಗೆ ಬಂತು ಅಂದುಕೊಳ್ಳಿ. ಇನ್ನೂರು ಪುಟ. ಒಬ್ಬ ರೋಗಿಗೆ ನನ್ನ ಹತ್ತಿರ ಇರುವುದು ಹತ್ತು ನಿಮಿಷ. ನೂರಾ ಎಪ್ಪತ್ತನೇ ಪುಟದಲ್ಲಿ ಶ್ವಾಸಕೋಶದಲ್ಲಿ ಒಂದು ಚಿಕ್ಕ ಗಂಟು ಅಂತ ಇತ್ತು, ನಾನು ನೋಡಲಿಲ್ಲ. ಒಂದು ವರ್ಷದ ಮೇಲೆ ಅದು ಕ್ಯಾನ್ಸರ್ ಆಯಿತು. ‘ನಿಮಗೆ ಕಳಿಸಿದ್ದೆವಲ್ಲ’ ಅನ್ನುತ್ತದೆ ಆಸ್ಪತ್ರೆ. ಲೋಟ ನೀರು ಕೇಳಿದವನ ಮನೆಗೆ ಹೊಳೆ ತಿರುಗಿಸಿದ ಹಾಗೆ.

ಕಳಿಸಿದರೆ ಸಾಲದು. ಯಾರು ಓದಬೇಕು, ಯಾರು ಮುಂದಿನ ಹೆಜ್ಜೆ ಇಡಬೇಕು ಅಂತ ಹೆಸರು ಹಾಕಿ ಕಳಿಸಬೇಕು.

ರಾತ್ರಿ ಪಾಳಿ

ನಮಗಂತೂ ಮೂರು ಸಾಲು ಸಾಕು. ಮಾತ್ರೆ, ಅಲರ್ಜಿ, ದೊಡ್ಡ ಕಾಯಿಲೆ. ಉಳಿದದ್ದನ್ನು ಬೆಳಿಗ್ಗೆ ಬರುವವರು ಓದಲಿ.

ಬೀಗದ ಕೈ

ಆ ಮೂರು ಸಾಲಿಗೆ ನಾನೂ ಸಹಿ ಹಾಕುತ್ತೇನೆ. ಮದುವೆಗೆ ಮುಂಚಿನ ಆಪರೇಷನ್ ಅದರಲ್ಲಿಲ್ಲ ತಾನೇ?

ಸ್ಟೆತೊ

@ಬೀಗದ ಕೈ ಯಾವ ಆಪರೇಷನ್ ಅನ್ನುವುದರ ಮೇಲಿದೆ. ಕೆಲವು ಬೇಕಾಗುತ್ತವೆ. ಇಲ್ಲಿ ಹೇಳಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ.

ಕಾಗದದ ದೋಣಿ

ಇಷ್ಟೆಲ್ಲ ಓದಿ ನಾನು ಮಾಡಿದ್ದು ಇಷ್ಟು. ಒಂದು ಹಾಳೆಯಲ್ಲಿ ಅಪ್ಪನ ಮಾತ್ರೆಗಳನ್ನು ಒಳಗಿನ ಔಷಧದ ಹೆಸರಲ್ಲೇ ಬರೆದೆ. ಯಾಕೆ, ಯಾವಾಗಿಂದ, ಯಾರು ಶುರು ಮಾಡಿದರು. ಫ್ಯಾಮಿಲಿ ಡಾಕ್ಟರು ನೋಡಿ ಎರಡು ಕಡೆ ತಿದ್ದಿದರು. ಆಮೇಲೆ ಅವರೇ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದರು. ನಾನು ಎದುರಿಗೇ ಇದ್ದೆ. ಮೂರು ನಿಮಿಷದ ಮಾತು. ಎರಡು ತಿಂಗಳ ಬಿಪಿ ಮಾತ್ರೆ ಗೊಂದಲವೂ ಅದರಲ್ಲೇ ಬಗೆಹರಿಯಿತು. ಇಬ್ಬರೂ ಮಾತಾಡಿದ್ದು ಅದೇ ಮೊದಲಂತೆ.

ಎಂಟಾಣೆ

ಉಪಗ್ರಹ, ಫೈರ್, ಎಸ್ಟೋನಿಯಾ ಎಲ್ಲ ಸುತ್ತಿ ಕೊನೆಗೆ ಲ್ಯಾಂಡ್‌ಲೈನಿಗೆ ಬಂದೆವು.

ಸೊನ್ನೆ ಒಂದು

@ಎಂಟಾಣೆ ಉಪಗ್ರಹದ ಮಾತು ಯಾರೂ ಆಡಿಲ್ಲ.

ಸ್ಟೆತೊ

ದೋಣಿ ಅವರೇ, ಆ ಸಮ್ಮರಿಯಲ್ಲಿ ‘ರಿಪೋರ್ಟ್ ಬರಬೇಕು’ ಅಂತ ಏನಾದರೂ ಇದೆಯಾ ನೋಡಿ.

ಕಾಗದದ ದೋಣಿ

@ಸ್ಟೆತೊ ಇದೆ ಸರ್. ಕೊನೇ ಪುಟದ ಕೆಳಗೆ. ಟಿಬಿ ಇದೆಯಾ ನೋಡಲು ಕಫದ ಕಲ್ಚರ್. ‘ಬರಬೇಕಿದೆ’ ಅಂತ ಅಷ್ಟೇ ಇದೆ.

ಸ್ಟೆತೊ

ಅದು ಪೂರ್ತಿ ಬರಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಯಾರಾದರೂ ಫೋನ್ ಮಾಡುತ್ತಾರೆ ಅಂತ ಕಾಯಬೇಡಿ.

ಕಾಗದದ ದೋಣಿ (ಐದು ವಾರಗಳ ನಂತರ)

ಹಳೆ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ. ಕ್ಯಾಲೆಂಡರ್ ನೋಡಿ ಇವತ್ತು ಆಸ್ಪತ್ರೆಗೆ ಫೋನ್ ಮಾಡಿದೆ. ಮೂರು ಕಡೆ ತಿರುಗಿಸಿದರು. ಕಲ್ಚರ್ ರಿಪೋರ್ಟ್ ಬಂದು ಆರು ದಿನ ಆಗಿದೆಯಂತೆ. ಯಾಕೆ ತಿಳಿಸಲಿಲ್ಲ ಅಂದೆ. ‘ಕಳಿಸಿದ ಡಾಕ್ಟರು ಈಗ ಬೇರೆ ವಾರ್ಡಿನಲ್ಲಿದ್ದಾರೆ, ಇಲ್ಲಿ ಯಾರೂ ಕೇಳಲಿಲ್ಲವಲ್ಲ’ ಅಂದರು.

ರಾತ್ರಿ ಪಾಳಿ

ಅಯ್ಯೋ. ಏನಿತ್ತು ಅದರಲ್ಲಿ?

ಕಾಗದದ ದೋಣಿ

ಏನೂ ಬೆಳೆದಿಲ್ಲ ಅಂತಿದೆ. ಸದ್ಯ. ಐಎನ್‌ಆರ್ 2.4. ಪ್ರಿಂಟ್ ತೆಗೆದುಕೊಂಡು ನಾಳೆ ಫ್ಯಾಮಿಲಿ ಡಾಕ್ಟರಿಗೆ ನಾನೇ ಕೊಟ್ಟು ಬರುತ್ತೇನೆ.